ಅಂಚು ಸುಡುತ್ತೆ, ನಡು ತಣ್ಣಗೆ

ಇವತ್ತು ರೈಲಿನ ಊಟದ ಬೋಗಿಯಲ್ಲಿ ಬಂದ ಟ್ರೇ. ಅಂಚಲ್ಲಿ ಬಾಯಿ ಸುಡುವಷ್ಟು ಬಿಸಿ, ನಡುವೆ ಮಾತ್ರ ಫ್ರಿಜ್ಜಿಂದ ಈಗಷ್ಟೇ ತೆಗೆದ ಹಾಗೆ.

ಅಡುಗೆಯವರನ್ನ ಬೈಬೇಡಿ. ಬೋಗಿಯಲ್ಲಿ ಅಡುಗೆಯವರೇ ಇಲ್ಲ!

ಈ ಊಟ ಎಲ್ಲೋ ದೊಡ್ಡ ಅಡುಗೆಮನೆಯಲ್ಲಿ ಬೆಂದು, 5 ಡಿಗ್ರಿಗಿಂತ ಕೆಳಗೆ ತಣ್ಣಗಾಗಿ, ಆಮೇಲೆ ರೈಲು ಹತ್ತಿದ್ದು. ಇಲ್ಲಿ ಆಗೋದು ಬಿಸಿ ಮಾಡೋ ಕೆಲಸ ಅಷ್ಟೇ. ಅದೂ ಸುಲಭ ಅಲ್ಲ. ಓವನ್ನಿನ ಫ್ಯಾನ್ ಬಿಸಿಗಾಳಿಯನ್ನ ಎಲ್ಲ ಟ್ರೇಗಳ ಸುತ್ತ ಓಡಾಡಿಸಬೇಕು. ಜನ ಜಾಸ್ತಿ ಅಂತ ಒತ್ತೊತ್ತಾಗಿ ತುರುಕಿದರೆ ಗಾಳಿಗೆ ದಾರಿಯೇ ಇರಲ್ಲ. ಅಂಚು ಒಣಗುತ್ತೆ, ನಡು ಹಾಗೇ ಉಳಿಯುತ್ತೆ. ಫಾಯಿಲ್ ಮುಟ್ಟಿ 'ಬಿಸಿ ಆಯ್ತು' ಅನ್ನೋದು ಶುದ್ಧ ಭ್ರಮೆ. ಥರ್ಮಾಮೀಟರ್ ಕಡ್ಡಿಯನ್ನ ನಟ್ಟನಡುವೆ ಚುಚ್ಚಿದಾಗ 75 ಡಿಗ್ರಿ ತೋರಿಸಬೇಕು. ಮಿಕ್ಕಿದ್ದನ್ನ ಎರಡನೇ ಸಲ ಬಿಸಿ ಮಾಡೋ ಹಾಗಿಲ್ಲ, ಎಸೀಬೇಕು.

1868ರಲ್ಲಿ ಅಮೆರಿಕದ ರೈಲು ಬೋಗಿ ತಯಾರಕ ಪುಲ್‌ಮನ್ 'ಡೆಲ್ಮೊನಿಕೊ' ಅನ್ನೋ ಊಟದ ಬೋಗಿಯನ್ನ ಹಳಿಗಿಳಿಸಿದಾಗ ಒಲೆಯೂ ಜೊತೆಗೇ ಓಡುತ್ತಿತ್ತು. 2019ರಲ್ಲಿ ಅದೇ ದೇಶದ ರೈಲು ಸಂಸ್ಥೆ ಆಮ್‌ಟ್ರಾಕ್ ಪೂರ್ವ ಭಾಗದ ರಾತ್ರಿ ರೈಲುಗಳಿಗೆ ಸಿದ್ಧ ಊಟ ತಂದಿತು. 2021ರಲ್ಲಿ ಪಶ್ಚಿಮದ ದೂರದ ರೈಲುಗಳಲ್ಲಿ ಮಲಗುವ ಕೋಣೆ ತಗೊಂಡವರಿಗೆ ಬೋಗಿಯಲ್ಲೇ ಮಾಡಿದ ಬಿಸಿಬಿಸಿ ಅಡುಗೆ ವಾಪಸ್ ಬಂತು. ಅಂದರೆ ಮನಸ್ಸು ಮಾಡಿದರೆ ಆಗುತ್ತೆ.

ಕಾಫಿ ಮಾತ್ರ ಈಗಲೂ ಮುಕ್ಕಾಲು ಕಪ್ಪೇ. ಜಿಪುಣತನ ಅಲ್ಲ ಅದು, ಮುಂದೆ ತಿರುವಿದೆ.