ಮುಪ್ಪಿನ ಕರಾರು

ಮನೆ ಕೊಂಡಾಯ್ತು. ಕೀಲಿಕೈ ಸಿಕ್ಕಿ ಆರು ವಾರ. ನೆದರ್‌ಲ್ಯಾಂಡ್ಸ್‌ನ ಹಿಲ್ವರ್ಸಮ್‌ನಲ್ಲಿ 1934ರಲ್ಲಿ ಕಟ್ಟಿದ ಇಟ್ಟಿಗೆ ಮನೆ. ಮೂರು ಅಂತಸ್ತು, ಐದು ಮಲಗುವ ಕೋಣೆ, ಏಣಿಗಿಂತ ಸ್ವಲ್ಪವೇ ವಾಸಿ ಅನ್ನುವಂಥ ಮೆಟ್ಟಿಲು.

ಫೋನಿನಲ್ಲಿ ಬೆಲೆ ಕೇಳಿ ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ತೊಂಬತ್ತು ವರ್ಷದ ಮನೆಗಾ? ಹಳೇ ಮನೆ ಅಂದ್ರೆ ಸೈಟಿನ ರೇಟಷ್ಟೇ ಅಲ್ವೇನಮ್ಮ?" ಅಂದರು. ನಮ್ಮೂರ ಲೆಕ್ಕಕ್ಕೆ ಅದು ಸರಿಯೇ. ಇಲ್ಲಿ ಮಾತ್ರ ಮೂವತ್ತರ ದಶಕದ ಮನೆ ಅಂದರೆ ಜನಕ್ಕೆ ಒಂಥರಾ ಮೋಹ. ಹೊರಕ್ಕೆ ಚಾಚಿದ ಕಿಟಕಿ, ಅದರ ಮೇಲ್ಗಡೆ ಸೀಸದ ಪಟ್ಟಿಯಲ್ಲಿ ಕೂಡಿಸಿದ ಬಣ್ಣದ ಗಾಜು, ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಸರಿಯುವ ಜೋಡಿ ಬಾಗಿಲು. ಇಷ್ಟಿದ್ದರೆ ಚಳಿಗೆ ನಡುಗುತ್ತಾ ಇದ್ದರೂ ಪರವಾಗಿಲ್ಲ ಅನ್ನುತ್ತಾರೆ.

ಮೊದಲು ಹಾರ್ಲೆಮ್‌ನಲ್ಲಿ ಹುಡುಕಿದ್ದೆವು. ಅಲ್ಲಿ ಅಡಿಪಾಯದ ಭಯ ಹಿಡಿಯಿತು. ಹಳೇ ಮನೆಗಳು ಎಷ್ಟೋ ಮರದ ಕಂಬಗಳ ಮೇಲೆ ನಿಂತಿವೆ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿದರೆ ಮರ ಕೊಳೆಯುತ್ತದೆ. ರಿಪೇರಿಗೆ ಲಕ್ಷ ಯೂರೋ ದಾಟುವುದೂ ಉಂಟು. ಹಿಲ್ವರ್ಸಮ್ ಇರುವುದು ಮರಳು ದಿಬ್ಬದ ಮೇಲೆ, ಮರದ ಕಂಬದ ಗೊಡವೆಯಿಲ್ಲ. ವಾಸ್ತುಶಿಲ್ಪಿ ಡುಡೋಕ್ ಕಟ್ಟಿದ 1931ರ ಪುರಭವನ ನೋಡಲು ಊರಿಗೆ ಜನ ಬರುತ್ತಾರೆ. ನಾವು ಬಂದದ್ದು ಮರಳಿಗಾಗಿ.

ಇಲ್ಲಿ ಕೂತು ಚೌಕಾಸಿ ಮಾಡುವಂತಿಲ್ಲ. ಸೋಮವಾರ ಹನ್ನೆರಡು ಗಂಟೆಯೊಳಗೆ ಒಂದೇ ಒಂದು ಸಂಖ್ಯೆ ಬರೆದು ಕಳಿಸಬೇಕು, ಬೇರೆಯವರು ಎಷ್ಟು ಬರೆದರೋ ದೇವರಿಗೇ ಗೊತ್ತು. ನಾವು 9,12,000 ಯೂರೋ ಬರೆದೆವು. ಬ್ಯಾಂಕಿನ ಪರವಾಗಿ ಬೆಲೆ ಕಟ್ಟಿದವರು ಒಂಬತ್ತು ಲಕ್ಷಕ್ಕೆ ನಿಲ್ಲಿಸಿದರು. ಮನೆಯ ಮೌಲ್ಯಕ್ಕಿಂತ ಹೆಚ್ಚು ಸಾಲ ಕೊಡುವುದಿಲ್ಲವಾದ್ದರಿಂದ ಮೇಲಿನ ಹನ್ನೆರಡು ಸಾವಿರ ನಮ್ಮ ಉಳಿತಾಯದಿಂದ ಹೋಯಿತು. ಶೇಕಡಾ 2ರ ವರ್ಗಾವಣೆ ತೆರಿಗೆ 18,240, ಅದೂ ನಮ್ಮದೇ ಜೇಬು. ನೋಟರಿಯ ಬಿಲ್ಲು ನೋಡುವ ಹೊತ್ತಿಗೆ ನಮಗೆ ಏನೂ ಅನ್ನಿಸದಂತಾಗಿತ್ತು.

ತಲೆ ಕೆಡಿಸಿದ್ದು ಕರಾರಿನ ಒಂದು ಕಲಮು. 'ಔಡರ್‌ಡೊಮ್ಸ್‌ಕ್ಲೌಸುಲೆ', ಅಂದರೆ ಮುಪ್ಪಿನ ಕರಾರು. ಈ ಮನೆಗೆ ಇಷ್ಟು ವಯಸ್ಸಾಗಿದೆ, ಹೊಸ ಮನೆಯಿಂದ ನಿರೀಕ್ಷಿಸುವ ಗುಣಮಟ್ಟ ಇದರಿಂದ ನಿರೀಕ್ಷಿಸಬಾರದು. ನೆಲ, ಕೊಳವೆ, ಒಳಚರಂಡಿ, ತೇವ ಯಾವುದಕ್ಕೂ ಮಾರುವವರ ಜವಾಬ್ದಾರಿಯಿಲ್ಲ. ಓದಿ ಇವರು "ಅಲ್ಲಾ, ಹಾಗಾದ್ರೆ ನಾವು ತಗೊಳ್ತಿರೋದು ಏನು?" ಅಂದರು. ಸಹಿ ಆದ ಮೇಲೆ ಮನಸ್ಸು ಬದಲಾಯಿಸಲು ಕಾನೂನು ಮೂರು ದಿನ ಕೊಡುತ್ತದೆ. ಆ ಮೂರು ರಾತ್ರಿಯೂ ನಮ್ಮ ಮನೆಯಲ್ಲಿ ಇದೇ ಚರ್ಚೆ.

ಏಜೆಂಟ್ ಬೇಡವೆಂದರೂ ನಾನು ಹಟ ಹಿಡಿದು ಒಂದು ಷರತ್ತು ಉಳಿಸಿಕೊಂಡಿದ್ದೆ: ಕಟ್ಟಡ ತಪಾಸಣೆಯಲ್ಲಿ ಕೂಡಲೇ ಮಾಡಬೇಕಾದ ರಿಪೇರಿ 15,000 ದಾಟಿದರೆ ನಾವು ಹಿಂದೆ ಸರಿಯಬಹುದು. ತಪಾಸಣೆಯವನು ಬಂದು ಮುಂಬಾಗಿಲ ಕಾಲೊರಸು ಸರಿಸಿ, ಅದರಡಿಯ ಹಲಗೆ ಎತ್ತಿ, ಟಾರ್ಚ್ ಹಿಡಿದು ನೆಲದ ಕೆಳಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದ. ಹತ್ತು ನಿಮಿಷ ಬೂಟೂ ಕಾಣಲಿಲ್ಲ. ಮೈತುಂಬ ಒಣ ಮರಳು ಮೆತ್ತಿಕೊಂಡು ಬಂದವನ ಮುಖದಲ್ಲಿ ನಗು. ಆಮೇಲೆ ಅಡುಗೆಮನೆಯ ಸಿಂಕಿನಡಿ ಕೂತು ಚಾಕುವಿನ ತುದಿಯಿಂದ ಬೂದು ಕೊಳವೆ ಕೆರೆದ. ಬೆಣ್ಣೆಯ ಹಾಗೆ ಕೆರೆದುಬಂತು, ಒಳಗೆ ಬೆಳ್ಳಿಯ ಹೊಳಪು. ಸೀಸ. ನಗು ಹೋಯಿತು. ಕಿಟಕಿಯಲ್ಲಿದ್ದರೆ ಅದೇ ಸೀಸಕ್ಕೆ ಬೆಲೆ ತೆರಬೇಕು, ಕೊಳವೆಯಲ್ಲಿದ್ದರೆ ತೆಗೆಸಲು ತೆರಬೇಕು.

ಕೊಳವೆ, ಮಳೆನೀರು ಹರಿಯುವ ಸತುವಿನ ಸೋರುವ ದೋಣಿ, ಕಿಟಕಿಯ ಚೌಕಟ್ಟಿನ ಕೊಳೆತ ಮೂಲೆ, ಹೊಗೆಗೂಡಿನ ಗಾರೆ: ಒಟ್ಟು 11,400. ಅಂದರೆ ಹಿಂದೆ ಸರಿಯುವಂತಿಲ್ಲ. ಒಂಟಿ ಗಾಜಿನ ಕಿಟಕಿಗಳೂ ನಡುವೆ ಖಾಲಿ ಸಂದಿರುವ ಜೋಡಿ ಗೋಡೆಯೂ ಆ ಲೆಕ್ಕಕ್ಕೆ ಬರಲೇ ಇಲ್ಲ. ಅವು ದೋಷವಲ್ಲವಂತೆ, ವಯಸ್ಸಂತೆ. ನಿಜವಾಗಿ ಹಣ ನುಂಗುವುದು ಅವೇ. ಈ ಒಂದು ವಿಷಯ ಮೊದಲೇ ತಿಳಿದಿದ್ದರೆ ಷರತ್ತಿನ ಬಗ್ಗೆ ಅಷ್ಟು ಬೀಗುತ್ತಿರಲಿಲ್ಲ.

ಗೋಡೆಯ ಸಂದಿಗೆ ಚಳಿ ತಡೆಯುವ ನಿರೋಧಕ ತುಂಬಿಸೋಣವೆಂದು ವಿಚಾರಿಸಿದರೆ ಬಾವಲಿಗಳ ಮಾತು ಬಂತು. ಆ ಸಂದಿನಲ್ಲಿ ಅವು ವಾಸವಿರಬಹುದು, ಅವಕ್ಕೆ ಕಾನೂನಿನ ರಕ್ಷಣೆ ಇದೆ. 2023ರಲ್ಲಿ ಇಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸರಿಯಾಗಿ ಪರಿಶೀಲಿಸದೆ ತುಂಬುವಂತಿಲ್ಲ ಅಂದ ಮೇಲೆ ಈ ಕೆಲಸ ಮೊದಲಿನಷ್ಟು ಸಲೀಸಲ್ಲ. ನಮಗಿಂತ ಮೊದಲು ಅವು ಬಂದಿದ್ದರೆ ನಾವೇ ಕಾಯಬೇಕು.

ಮಾರಿದ ಅಜ್ಜಿ ಏನು ಬಿಡುತ್ತೇನೆ, ಏನು ಒಯ್ಯುತ್ತೇನೆ ಎಂಬ ಪಟ್ಟಿ ಕೊಟ್ಟಿದ್ದರು. ಇಲ್ಲಿ ಅದು ಕರಾರಿನ ಭಾಗ. ಪರದೆಯ ಕಂಬಿ, ಅಂಚೆಪೆಟ್ಟಿಗೆ, ಕಮೋಡಿನ ಮುಚ್ಚಳಕ್ಕೂ ಒಂದೊಂದು ಗುರುತು. ಕೀಲಿ ಕೊಡುವ ಬೆಳಿಗ್ಗೆ ಮೀಟರ್ ಓದಿ ಬರೆದುಕೊಂಡ ಮೇಲೆ ನನ್ನ ಕೈ ಹಿಡಿದು ಸರಿಯುವ ಬಾಗಿಲ ಬಳಿ ಕರೆದೊಯ್ದು, ನನ್ನ ಕೈಯನ್ನು ಹಿಡಿಕೆಯ ಮೇಲಿಟ್ಟರು. ಮೊದಲು ಸ್ವಲ್ಪ ಎತ್ತಬೇಕು, ಆಮೇಲೆ ತಳ್ಳಬೇಕು. ಮೂರು ಸಲ ಮಾಡಿಸಿದರು.

ಇವರಿಗೆ ಇನ್ನೂ ಬರುವುದಿಲ್ಲ. ನಿನ್ನೆಯೂ ಹಿಂದಿನ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ನನ್ನನ್ನು ಕೂಗಿದರು.