ಬೆಳಿಗ್ಗೆ ಬೇಡ್ತಿ, ಮಧ್ಯಾಹ್ನ ಕಾಳಿ

ನಮ್ಮ ಕಾರವಾರದವರಿಗೆ ಕಾಳಿ ನದಿ ಅಂದರೆ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವ ಅಗಲವಾದ ಉಪ್ಪು ನೀರು. ಅದರ ಮೇಲ್ಭಾಗ ನೋಡಿದವರು ಕಡಿಮೆ. ಕಳೆದ ಚಳಿಗಾಲದಲ್ಲಿ ಯಲ್ಲಾಪುರದ ಕಡೆಯ ಒಂದು ಗೌಳಿವಾಡಾಕ್ಕೆ ಹೋದವನು ದಿನವಿಡೀ ಎಮ್ಮೆಗಳ ಹಿಂದೆ ಸುತ್ತಿದೆ.

ಗೌಳಿಗರು ಕಾಡಿನ ಅಂಚಲ್ಲಿ ಎಮ್ಮೆ ಸಾಕಿಕೊಂಡು ಬಂದವರು. ಮನೆಮಾತು ಮರಾಠಿ. ನನ್ನ ಕೊಂಕಣಿ ಹೇಗೋ ಸಾಕಾಯಿತು, ತಡವರಿಸಿದಲ್ಲಿ ಕನ್ನಡ. "ಮುಂದಿರೋ ಎಮ್ಮೆ ಹಿಂದೆ ಬನ್ನಿ, ದಾರಿ ಅದಕ್ಕೆ ಗೊತ್ತು" ಅಂದರು ಎಮ್ಮೆ ಮೇಯಿಸುವ ಗೌಳಿ ಮಾಮಾ. ಕೈಯಲ್ಲೊಂದು ಕೋಲು, ಸೊಂಟಕ್ಕೆ ಕತ್ತಿ.

ಮೊದಲ ಹಳ್ಳದಲ್ಲಿ ಎಮ್ಮೆಗಳು ಬರೀ ನೀರು ಕುಡಿದವು. ಅಲ್ಲಿಂದ ಸಣ್ಣ ಏರು. ಏರಿನ ತುದಿಯಲ್ಲಿ ಮಾಮಾ ನಿಂತು ಕೋಲು ಎತ್ತಿದರು. "ಇತ್ಲಾಗೆ ಬಿದ್ದ ಮಳೆ ಬೇಡ್ತಿ ಹೊಳೆಗೆ. ಅತ್ಲಾಗೆ ಬಿದ್ದದ್ದು ಕಾಳಿಗೆ." ಗುಡ್ಡ ಅಂತ ಹೇಳುವಷ್ಟೂ ಎತ್ತರ ಇರಲಿಲ್ಲ. ಅಲ್ಲಿ ಬೇರೆಯಾದ ನೀರಲ್ಲಿ ಒಂದು ಪಾಲು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನೋ ಹೆಸರಲ್ಲಿ ಅಂಕೋಲಾ ಆಚೆ ಸಮುದ್ರ ಸೇರುತ್ತದೆ. ಇನ್ನೊಂದು ಪಾಲು ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ಕರೆಂಟು ಕೊಟ್ಟು ನಮ್ಮೂರಿಗೆ ಬರುತ್ತದೆ. ಎಮ್ಮೆಗಳಿಗೆ ಎರಡೂ ಒಂದೇ ದಿನದ ಮೇವಿನ ದಾರಿ.

ಆಚೆಯ ಹಳ್ಳದಲ್ಲಿ ಒಂದು ಗುಂಡಿ. ದೊಡ್ಡ ಎಮ್ಮೆ ಮುಂಗಾಲು ಮಡಚಿ ಒಂದೇ ಸಲ ಒರಗಿತು. ಕೆಸರು ಕಲಕಿ ಮೇಲೆದ್ದಿತು. ಕೊನೆಗೆ ಕಾಣಿಸಿದ್ದು ಮೂಗಿನ ಹೊಳ್ಳೆ, ಕೊಂಬು, ಕೊಂಬಿನ ಪಕ್ಕ ಕೂತ ಬೆಳ್ಳಕ್ಕಿ. ಎಮ್ಮೆಗೆ ಬೆವರು ಕಡಿಮೆ, ಚರ್ಮ ಕಪ್ಪು; ಬಿಸಿಲು ತಡೆಯೋದಿಲ್ಲ. ಮೈಗೆ ಮೆತ್ತಿದ ಕೆಸರಿದ್ದರೆ ನೊಣದ ಕಾಟವೂ ಜಾಸ್ತಿ ಇಲ್ಲ. ಎಬ್ಬಿಸಲು ಹೋದರೆ ಏಳುತ್ತವಾ? ಮಾಮಾ ಸುಮ್ನೆ ಎಲೆ ಅಡಿಕೆ ಹಾಕಿಕೊಂಡು ಕೂತರು. ನಾನೂ ಕೂತೆ.

ಸಾತೊಡ್ಡಿ, ಮಾಗೋಡು ಜಲಪಾತ ನೋಡೋಕೆ ವಾರದ ಕೊನೆಗೆ ಕಾರು ಸಾಲುಗಟ್ಟುತ್ತವೆ. ಅವಕ್ಕೆ ನೀರು ಕೊಡೋದು ಇಂಥ ಹೆಸರಿಲ್ಲದ ಹಳ್ಳಗಳೇ, ಅಲ್ವಾ? ನನಗಂತೂ ಜಲಪಾತಕ್ಕಿಂತ ಈ ಗುಂಡಿಯೇ ಹಿಡಿಸಿತು. ಸೆಲ್ಫಿ ತೆಗೆಯೋರ ಗಲಾಟೆ ಇಲ್ಲ ಅನ್ನೋದೂ ಒಂದು ಕಾರಣ.

"ಬೇಸಿಗೇಲಿ ಹೇಗೆ ಮಾಮಾ?"

"ಈ ಹಳ್ಳ ಹೋಳಿ ಹೊತ್ತಿಗೇ ಬತ್ತುತ್ತದೆ. ಆಮೇಲೆ ಎಮ್ಮೆ ಎಲ್ಲಾ ಬೇಡ್ತಿ ಕಡೆಗೇ" ಅಂದರು. ಅಷ್ಟರಲ್ಲಿ ದೊಡ್ಡ ಎಮ್ಮೆ ತಾನಾಗೇ ಎದ್ದಿತು. ಸಂಜೆ ಹಾಲು ಕರೆಯುವ ಹೊತ್ತಾಗಿತ್ತು.