ಸೂರ್ಯ ಮುಳುಗುವಾಗ ಲಾರಿ ಎಲ್ಲಿರಬೇಕು?

ಪುಣೆಯ ಹಡಪ್ಸರದಲ್ಲಿರುವ ಸಾಗಣೆ ಕಚೇರಿಯೊಂದರಲ್ಲಿ ಲಾರಿಗಳ ವೇಳೆ ಗೊತ್ತು ಮಾಡುವುದು ನನ್ನ ಕೆಲಸ. ಚಾಲಕರಲ್ಲಿ ಹೆಚ್ಚಿನವರು ನಮ್ಮ ಕಲಬುರಗಿ, ವಿಜಯಪುರದ ಕಡೆಯವರೇ. ತೊಗರಿಬೇಳೆ ಹೇರಿಕೊಂಡು ಸೊಲ್ಲಾಪುರದ ಮೇಲೆ ಬರುತ್ತಾರೆ. ವ್ಯಾಪಾರಿಗಳಿಗೆ ಬೇಕಾದದ್ದು ಲಾರಿ ಎಷ್ಟು ಗಂಟೆಗೆ ತಲುಪುತ್ತದೆ ಎಂಬುದು. ನಾನು ಲೆಕ್ಕ ಹಾಕುವುದು ದೀಪ ಹಚ್ಚುವ ಹೊತ್ತಿಗೆ ಅದು ಎಲ್ಲಿರುತ್ತದೆ ಎಂದು.

ಕೇಂದ್ರ ಸರ್ಕಾರದ ವಾರ್ಷಿಕ ಅಪಘಾತ ವರದಿಗಳಲ್ಲಿ ಸಂಜೆ 6ರಿಂದ 9ರ ಅವಧಿಯ ಪಾಲು ಸುಮಾರು ಐದನೇ ಒಂದು. ದಿನದ ಎಂಟನೇ ಒಂದು ಭಾಗಕ್ಕೆ ಇದು ಬಹಳವಾಯಿತು. ದಟ್ಟಣೆಯೂ ಕಾರಣ, ಒಪ್ಪುತ್ತೇನೆ. ಆದರೆ ಕಬ್ಬಿನ ಕಾಲದಲ್ಲಿ ಸೊಲ್ಲಾಪುರ-ಪುಣೆ ದಾರಿಯ ಇಂದಾಪುರ, ಭಿಗವಣ ದಾಟಿದವರಿಗೆ ಇನ್ನೊಂದು ಕಾರಣ ಚೆನ್ನಾಗಿ ಗೊತ್ತು. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಚಾಚಿಕೊಂಡ ಜಲ್ಲೆಗಳು, ತುದಿಗೆ ಕಟ್ಟಿದ ಒಂದು ಕೆಂಪು ಬಟ್ಟೆ. ಬೆಳಕು ಇಳಿದಂತೆ ಕಣ್ಣಿಗೆ ಮೊದಲು ಮಂಕಾಗುವ ಬಣ್ಣವೇ ಕೆಂಪು. ಹಸಿರು, ನೀಲಿ ಇನ್ನೂ ಕಾಣುತ್ತಿರುವಾಗಲೇ ಆ ಬಟ್ಟೆ ಕಪ್ಪಾಗಿರುತ್ತದೆ. ಎಚ್ಚರಿಕೆಗೆಂದು ಕಟ್ಟಿದ್ದು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಡಿಪ್ ಬೆಳಕಿನಲ್ಲಿ, ಅಂದರೆ ದೀಪ ಕೆಳಕ್ಕೆ ಬಾಗಿಸಿದಾಗ, ಕಾಣುವುದು ನಲವತ್ತೋ ಐವತ್ತೋ ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ತುಂಬಿದ ಲಾರಿ ಅಷ್ಟರೊಳಗೆ ನಿಲ್ಲುವುದು ಕಷ್ಟ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಟ ಬೇರೆ. ಪಾಟಸ್ ದಾಟಿದ ಮೇಲೆ ದಾರಿ ಪಶ್ಚಿಮಕ್ಕೆ ತಿರುಗಿ ಸೂರ್ಯ ರಸ್ತೆಯ ತುದಿಯಲ್ಲೇ ಕೂತಿರುತ್ತಾನೆ. ಗಾಜಿನ ಒಳಮೈಗೆ ಅಂಟಿದ ಊದುಬತ್ತಿಯ ಹೊಗೆ, ಬೀಡಿಯ ಹೊಗೆ ಆಗ ಬೆಳ್ಳಗೆ ಹೊಳೆದು ಎದುರಿನದನ್ನೆಲ್ಲ ಮುಚ್ಚುತ್ತದೆ. ಹೊರಗಿನ ಗಾಜನ್ನು ಎಲ್ಲರೂ ತೊಳೆಯುತ್ತಾರೆ, ಒಳಗಿನದನ್ನು ಯಾರೂ ಒರೆಸುವುದಿಲ್ಲ! ಸೂರ್ಯ ಮುಳುಗಿ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಕತ್ತಲು ಕವಿಯುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು.

ಬೆಳಗ್ಗೆ ಹತ್ತಕ್ಕೆ ಕಲಬುರಗಿ ಬಿಟ್ಟರೆ ಮುಸ್ಸಂಜೆ ಸರಿಯಾಗಿ ಈ ದಾರಿಯಲ್ಲೇ ಸಿಗುತ್ತದೆ. ಆದ್ದರಿಂದ ಬೆಳಗಿನ ಜಾವಕ್ಕೇ ಹೊರಡಿಸುತ್ತೇವೆ. ಗೋದಾಮಿನಲ್ಲಿ ತಡವಾದರೆ ಚಹಾದ ನಿಲುಗಡೆ ಸೂರ್ಯಾಸ್ತಕ್ಕೇ ಬರಬೇಕು. ಅದಕ್ಕೂ ಮೊದಲೇ, ಇನ್ನೂ ಬೆಳಕಿರುವಾಗಲೇ, ದೀಪ ಹಾಕಿರಬೇಕು. ದಾರಿ ಕಾಣಲೆಂದಲ್ಲ, ಎದುರಿನವನಿಗೆ ನಾವು ಕಾಣಲೆಂದು. ಧಾಬಾದಲ್ಲಿ ನಿಂತಾಗ ಒಳಗಾಜು, ಹಿಂದೀಪ, ಹೊಳೆಯುವ ಪಟ್ಟಿ ಮೂರನ್ನೂ ಒರೆಸಿ ನನಗೆ ಫೋಟೊ ಕಳಿಸಬೇಕು. ಹಿರಿಯ ಚಾಲಕರು ಮೊದಮೊದಲು ನಕ್ಕರು, ಬ್ಯಾಟರಿ ಸವೆಯುತ್ತದೆ ಎಂದು ವಾದ ಹೂಡಿದರು. ಎಂಜಿನ್ ಓಡುತ್ತಿರುವಾಗ ಅದೆಂಥ ಸವೆತವೋ!

ಅರ್ಧ ಗಂಟೆ ಹಾಳು ಎಂದು ಗೊಣಗುವ ವ್ಯಾಪಾರಿಗಳಿಗೆ ಒಂದೇ ಉತ್ತರ ಕೊಡುತ್ತೇನೆ: ಆ ಹೊತ್ತಿಗೆ ಬಂದಿದ್ದರೂ ನಿಮ್ಮ ಬೇಳೆ ಪುಣೆ ಹತ್ತಿರದ ಲೋಣಿ ಕಾಳಭೋರದ ದಟ್ಟಣೆಯಲ್ಲೇ ನಿಂತಿರುತ್ತಿತ್ತು.